ಫೀಲಿಮ್ ಟಾರ್ಪಿಯ ಗಂಟಲು
ವಯೋಮಿಂಗ್ ಬಯಲಿನಲ್ಲಿ ರೈಲುಹಳಿ ಹಾಕುವ ಐರಿಷ್ ಆಳುಗಳಿಗೆ ಹಾಡು ಹೇಳುವ ಫೀಲಿಮ್ ಟಾರ್ಪಿ ಹುಟ್ಟಿದಾರಭ್ಯ ಒಂದು ಮೊಳೆಯನ್ನೂ ಹೊಡೆದವನಲ್ಲ. ಸುತ್ತಿಗೆ ಹಿಡಿದರೆ ಗಂಟಲು ಅದುರುತ್ತದಂತೆ. ಉರಿಬಿಸಿಲಲ್ಲೂ ಕುತ್ತಿಗೆಗೆ ಉಣ್ಣೆಬಟ್ಟೆ ಸುತ್ತಿಕೊಂಡು ಪೀಪಾಯಿಯ ಮೇಲೆ ಕೂರುವ ಈ ಮಹಾರಾಯನ ಪ್ರಕಾರ ಹಳಿ ನಿಂತಿರುವುದು ಕಬ್ಬಿಣದಿಂದಲ್ಲ, ಅವನ ರಾಗದಿಂದ. ತಾಳ ತಪ್ಪಿದರೆ ಒಬ್ಬನ ಸುತ್ತಿಗೆ ಇನ್ನೊಬ್ಬನ ಕೈಮೇಲೆ ಬೀಳುವುದರಿಂದ ಮೇಸ್ತ್ರಿ ಲಾರ್ಕಿನ್ ಕೂಡ ಅವನ ಮರ್ಜಿ ಕಾಯಬೇಕು. ಊಟದ ಬೀನ್ಸ್ ಸೀದ ದಿನ ಅವನು ಶೋಕಗೀತೆ ಹಿಡಿಯುತ್ತಾನೆ, ಒಂದು ಮೊಳೆ ಇಳಿಯುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಕಾಫಿ ತಣ್ಣಗಿದ್ದರೆ ಮೇಸ್ತ್ರಿಯ ಹೆಂಡತಿಯೇ ಪದ್ಯದೊಳಗೆ ಬರುತ್ತಾಳೆ. ಆದರೆ ಯಾವ ಹಾಡಾದರೂ ಪ್ರತಿ ಸಾಲಿನಲ್ಲೂ ಮೂವರು ಸರದಿಯಂತೆ ಮೂರು ಏಟು ಹಾಕಿದ ಮೇಲೆ, ನಾಲ್ಕನೆಯದಕ್ಕೆ ಅವನು ಬಾಯಿ ಮುಚ್ಚುತ್ತಾನೆ. ಸುತ್ತಿಗೆಗಳು ಗಾಳಿಯಲ್ಲೇ ನಿಲ್ಲುತ್ತವೆ. "ಅಲ್ಲೇನೋ ನಿದ್ದೆ ನಿಂಗೆ? ಬಾಯಿ ಬಿಡೋ!" ಎಂದು ಲಾರ್ಕಿನ್ ಅರಚಿದರೆ, "ಅದು ನಮ್ಮ ನಾಲ್ಕನೆಯವ ಕಾರ್ಮಕ್‌ನ ಏಟು, ಮೇಸ್ತ್ರೀ. ಬಂಡೆ ಸಿಡಿದು ಸತ್ತ ಅಂತ ಅವನ ಪಾಲಿಂದೂ ನಾವೇ ಹೊಡೆಯೋದು ನ್ಯಾಯವಾ?" ಎನ್ನುತ್ತಾನೆ. ಮೊನ್ನೆ ಫೀಲಿಮ್ ಜ್ವರದಲ್ಲಿ ಮಲಗಿದ. ಕೆಲಸ ನಿಲ್ಲಬಾರದೆಂದು ಲಾರ್ಕಿನ್ ತಾನೇ ಪೀಪಾಯಿಯ ಮೇಲೆ ಕೂತು, ಕತ್ತೆಯೂ ನಾಚುವ ದನಿಯಲ್ಲಿ ಹಾಡು ಶುರುಮಾಡಿದ. ಮೂರು ಏಟು ಬಿದ್ದವು. ನಾಲ್ಕನೆಯದಕ್ಕೆ ಮೇಸ್ತ್ರಿ ಟೋಪಿ ತೆಗೆದು, ಬಾಯಿ ಮುಚ್ಚಿಕೊಂಡ.