ಬೆವರಿನೊಳಗೆ ಬರುತ್ತಿದ್ದ ಕೈ

ಗಡಹಿಂಗ್ಲಜದ ಹತ್ತಿರ ನನ್ನ ತವರು. ಅಲ್ಲಿಂದ ಗಂಡನ ಜೊತೆ ಮೋಟರ್‌ಸೈಕಲ್ ಮೇಲೆ ಇಚಲಕರಂಜಿಗೆ ಮರಳುತ್ತಿದ್ದಾಗ ಕಬ್ಬು ತುಂಬಿದ ಟ್ರಾಲಿಯೊಂದು ನಮ್ಮನ್ನು ರಸ್ತೆ ಪಕ್ಕದ ಕಾಲುವೆಗೆ ಕೆಡವಿತು. ನನ್ನ ಎಡಗಾಲು ಮೋಟರ್‌ಸೈಕಲ್ಲಿನ ಕೆಳಗೆ ಸಿಕ್ಕಿತು, ಪಾದ ಮಾತ್ರ ಆಚೆ ಉಳಿಯಿತು. ಕಾಲುವೆಯ ನೀರು ಮೊಣಕಾಲುದ್ದವೂ ಇರಲಿಲ್ಲ, ದಿನವಿಡೀ ಬಿಸಿಲಿಗೆ ಕಾದು ಬೆಚ್ಚಗಾಗಿತ್ತು. ಗಂಡ ತೆವಳುತ್ತ ಬಂದು ಗಾಡಿ ಎತ್ತಲು ನೋಡಿದರು, ಆಗಲಿಲ್ಲ. ಕೊನೆಗೆ ನನ್ನ ಕಣಕಾಲನ್ನು ಬಿಗಿಯಾಗಿ ಹಿಡಿದು, "ಅಂಜಬ್ಯಾಡ, ನಾ ಹಿಡದೀನಿ" ಎಂದರು. ಅವರ ಹೊಟ್ಟೆಯೊಳಗೆ ಪೆಟ್ಟಾಗಿದ್ದು ನನಗೆ ತಿಳಿಯಲಿಲ್ಲ. ಜನ ಬರುವಷ್ಟರಲ್ಲಿ ಅವರ ಜೀವ ಹೋಗಿತ್ತು, ಬೆರಳುಗಳನ್ನು ನನ್ನ ಕಾಲಿನಿಂದ ಒಂದೊಂದಾಗಿ ಬಿಡಿಸಬೇಕಾಯಿತಂತೆ.

ಆಸ್ಪತ್ರೆಯಲ್ಲಿ ನನ್ನ ಆ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು. ಗಾಯ ಮಾಯ್ದ ಮೇಲೆ ಕೊಲ್ಲಾಪುರದಲ್ಲಿ ಪ್ಲಾಸ್ಟಿಕ್ ಕಾಲು ಮಾಡಿಸಿದೆವು. ಮೇಲ್ಭಾಗದಲ್ಲಿ ಲೋಟದಂಥ ಸಾಕೆಟ್. ಮೊಂಡುಗಾಲಿಗೆ ಕಾಲುಚೀಲದಂಥ ಹತ್ತಿಯ ಚೀಲ ತೊಡಿಸಿ ಅದರೊಳಗೆ ಇಳಿಸಬೇಕು. ಕಾಲು ಮಾಡಿಕೊಟ್ಟವರು ನಮ್ಮ ಕಡೆಯವರೇ, ಕನ್ನಡ ಬರುತ್ತಿತ್ತು. "ಅಕ್ಕಾರ, ಒಳಗ ಗಾಳಿ ಆಡಂಗಿಲ್ಲ, ಬೆವರ ಬಂದ ಬರ್ತೈತಿ. ಮಧ್ಯಾಹ್ನ ಕಾಲ ತಗೀರಿ, ಒರಸ್ರಿ, ಒಣಾ ಚೀಲ ಹಾಕ್ರಿ. ಸಂಜಿಗೆ ಸಾಬಾನ ಹಚ್ಚಿ ತೊಳದು ಸಾಕೆಟ್ ಆರಾಕ ಇಡ್ರಿ. ಪಾವಡರ್ ಸುರೀಬ್ಯಾಡ್ರಿ, ಗಂಟ ಕಟ್ಟಿ ಚರ್ಮ ತಿಕ್ಕತೈತಿ" ಎಂದು ಒತ್ತಿ ಹೇಳಿದರು.

ನನ್ನದು ಇಚಲಕರಂಜಿಯ ಮಗ್ಗದ ಷೆಡ್ಡಿನಲ್ಲಿ ಕಾಂಡಿ ಎಂಬ ಸಣ್ಣ ಕೊಳವೆಗಳಿಗೆ ನೂಲು ಸುತ್ತುವ ಕೆಲಸ. ಮೇಲೆ ತಗಡು. ಎಳೆ ಹಾರುತ್ತವೆಂದು ಫ್ಯಾನ್ ಹಾಕುವುದಿಲ್ಲ. ಬೇಸಿಗೆ ಬರುವವರೆಗೆ ಹೇಳಿದಂತೆಯೇ ನಡೆದುಕೊಂಡೆ. ಅತ್ತೆ ಬೆಳಿಗ್ಗೆ ಊಟದ ಡಬ್ಬಿಯ ಜೊತೆ ಒಗೆದ ಚೀಲಗಳನ್ನು ಮಡಚಿ ಕೊಡುತ್ತಿದ್ದರು. ಮಧ್ಯಾಹ್ನ ನೂಲಿನ ಮೂಟೆಗಳ ಹಿಂದೆ ಕೂತು ಬದಲಿಸುತ್ತಿದ್ದೆ. ಒಂದು ದಿನ ಕೆಲಸ ಜಾಸ್ತಿ ಇತ್ತು, ಏಳಲಾಗಲಿಲ್ಲ. ಹೊತ್ತು ಇಳಿಯುವಾಗ ಸಾಕೆಟ್ಟಿನ ತಳದಲ್ಲಿ ಬೆವರು ನಿಂತು, ನಡೆದರೆ ಪಿಚಪಿಚ ಎನ್ನುತ್ತಿತ್ತು. ಆಗ ಇಲ್ಲದ ಪಾದ ಬೆಚ್ಚಗಿನ ನೀರಿನಲ್ಲಿ ಮುಳುಗಿದ ಹಾಗಾಯಿತು. ಬೆರಳಿನ ಸಂದಿಯಲ್ಲಿ ಕೆಸರು ಕೂಡ ತಿಳಿಯಿತು. ಆಮೇಲೆ ಕಣಕಾಲನ್ನು ಒಂದು ಕೈ ಹಿಡಿಯಿತು.

ನಾನು ಕೂಗಲಿಲ್ಲ, ನಿಂತೇಬಿಟ್ಟೆ. ಕಾಂಡಿಗಳು ತಿರುಗುತ್ತಲೇ ಇದ್ದವು. ಪಕ್ಕದ ಹೆಂಗಸು ಏನೋ ಕೇಳಿದಳು, ನನಗೆ ಕೇಳಿಸಲಿಲ್ಲ. ಆ ಹಿಡಿತ ನನಗೆ ಗೊತ್ತಿತ್ತು.

ಮರುದಿನ ಚೀಲ ಬದಲಿಸಲಿಲ್ಲ, ಅದರ ಮರುದಿನವೂ ಇಲ್ಲ. ಬಿಸಿಲು ಏರಿದಂತೆ ಕೈ ಬೇಗ ಬರತೊಡಗಿತು. ಹೆದರಿಕೆ ಆಗುತ್ತಿತ್ತು, ಆದರೂ ಮಧ್ಯಾಹ್ನದ ದಾರಿ ಕಾಯುತ್ತಿದ್ದೆ. ಚರ್ಮ ಮೊದಲು ನೀರಿನಲ್ಲಿ ನೆನೆದಂತೆ ಬಿಳಿಚಿಕೊಂಡಿತು, ಆಮೇಲೆ ಕೆಂಪಾಗಿ ಒಡೆಯಿತು. ಒಂದು ದಿನ ಮೊಂಡುಗಾಲು ಬೆವರಿಗೆ ಜಾರಿ, ಸಾಕೆಟ್ ಅಡ್ಡ ತಿರುಗಿ, ಮಗ್ಗಗಳ ನಡುವೆ ಬಿದ್ದೆ.

ಕೊಲ್ಲಾಪುರದಲ್ಲಿ ಕಾಲು ಮಾಡಿಕೊಟ್ಟವರು ಚೀಲ ತೆಗೆದವರೇ ಮುಖ ಹಿಂದಕ್ಕೆಳೆದರು. "ಅಕ್ಕಾರ, ಇದು ಒಂದ ದಿನದ್ದಲ್ಲ. ಗಾಯ ಮಾಯೂತನಕಾ ಕಾಲ ಹಾಕಬ್ಯಾಡ್ರಿ. ಕೀವು ಎಲುಬಿಗೆ ಇಳಿದ್ರ ಡಾಕ್ಟರು ಮತ್ತ ಮ್ಯಾಲೆ ಕತ್ತರಸ್ತಾರ." ಜೊತೆಗೆ ಬಂದಿದ್ದ ಅತ್ತೆ ನನ್ನನ್ನೇ ನೋಡುತ್ತಿದ್ದರು.

ಗಾಯ ಮಾಯಲಿ ಎಂದು ಅತ್ತೆ ನನ್ನನ್ನು ತವರಿಗೆ ಕಳಿಸಿದರು. ಅಲ್ಲಿ ಬೇವಿನ ನೆರಳು, ಗಾಳಿ, ಅಣ್ಣನ ಕುರಿಗಳು. ಗಾಯ ಒಣಗಿತು. ಕೈ ಬರಲಿಲ್ಲ. ಅವ್ವನಿಗೆ ತಿಳಿಯದಂತೆ ಮೊಂಡುಗಾಲಿಗೆ ಒದ್ದೆ ಬಟ್ಟೆ ಸುತ್ತಿ ನೋಡಿದೆ. ಬರೀ ತಣ್ಣಗಾಯಿತು. ಗಂಡನ ಮಣ್ಣಾದಾಗ ನಾನು ಆಸ್ಪತ್ರೆಯಲ್ಲಿದ್ದೆ, ಸರಿಯಾಗಿ ಅತ್ತಿರಲಿಲ್ಲ. ಆ ದಿನ ಕುರಿಹಟ್ಟಿಯ ಹಿಂದೆ ಕೂತು ಅತ್ತುಬಿಟ್ಟೆ.

ಕರೆದೊಯ್ಯಲು ಅತ್ತೆಯೇ ಎಸ್.ಟಿ. ಬಸ್ಸಿನಲ್ಲಿ ಬಂದರು. ಚಹಾ ಕುಡಿದು, ಬೇವಿನ ಕೆಳಗೆ ನನ್ನೆದುರು ಕೂತರು.

"ಚೀಲ ನಾನ ಒಗದ ಕೊಡತಿದ್ದೆ. ಮಡಚಿದ್ದು ಮಡಚಿದಂಗ ವಾಪಸ್ ಬರತಿದ್ವು. ಯಾಕ ಹಂಗ ಮಾಡಿದಿ ತಂಗಿ?"

ಮುಚ್ಚಿಡಲು ಆಗಲಿಲ್ಲ. "ಅತ್ತಿ, ಬೆವರ ನಿಂತ್ರ ಅವರ ಕೈ ಬರ್ತೈತ್ರಿ. ಕಾಲ ಹಿಡೀತೈತ್ರಿ."

ದೆವ್ವ ಹಿಡಿದಿದೆ ಎನ್ನುತ್ತಾರೆ, ಬಿಡಿಸುವವರ ಹತ್ತಿರ ಎಳೆದೊಯ್ಯುತ್ತಾರೆ ಎಂದುಕೊಂಡೆ. ಆದರೆ ಅವರು ಕೇಳಿದರು: "ಬಿಸಿ ಇರ್ತೈತೇನ ಕೈ?"

"ಹೌದ್ರಿ. ಬಿಸಿ ಇರ್ತೈತಿ."

"ನಾ ಮುಟ್ಟಿದಾಗ ಭಾಳ ತಣ್ಣಗಿತ್ತು ಅವನ ಕೈ," ಎಂದರು. ಸೆರಗಿನಿಂದ ಮುಖ ಒರೆಸಿಕೊಂಡು, "ಎಲ್ಲೆ ಹಿಡೀತಾನ? ತೋರಸು."

ನಾನು ಮೊಂಡುಗಾಲಿನ ಮುಂದೆ, ಬರಿಗಾಳಿಯಲ್ಲಿ, ಕಣಕಾಲು ಇರಬೇಕಾದ ಜಾಗ ತೋರಿಸಿದೆ. ಅತ್ತೆ ಬಗ್ಗಿ ಅಲ್ಲಿ ಅಂಗೈ ಇಟ್ಟರು. ನನಗೆ ಯಾವ ಸ್ಪರ್ಶವೂ ತಿಳಿಯಲಿಲ್ಲ. ಅವರು ಕಣ್ಣು ಮುಚ್ಚಿದ್ದರು. ಬಹಳ ಹೊತ್ತು ಕೈ ತೆಗೆಯಲಿಲ್ಲ.

"ನಿನ್ನ ಕಾಲ ಉಳೀಲಿ ಅಂತ ಹಿಡದಾನ ಅಂವ," ಎಂದರು ಏಳುವಾಗ. "ಇನ್ನಷ್ಟ ಕಳಕೋಬ್ಯಾಡ. ನಡಿ, ಮನಿಗಿ ಹೋಗೂಣು."

ಇಚಲಕರಂಜಿಯಲ್ಲಿ ಮಧ್ಯಾಹ್ನ ಅವರೇ ಷೆಡ್ಡಿಗೆ ಬರತೊಡಗಿದರು. ಮೂಟೆಗಳ ಹಿಂದೆ ನನ್ನ ಕಾಲು ತೆಗೆಸಿ, ಸಾಕೆಟ್ಟಿನ ಬೆವರು ಚೆಲ್ಲಿ, ಮೊಂಡುಗಾಲು ಒರೆಸಿ, ತುಸು ಹೊತ್ತು ಗಾಳಿಗೆ ಬಿಟ್ಟು ಒಣ ಚೀಲ ತೊಡಿಸುತ್ತಿದ್ದರು. ಹೋಗುವ ಮುನ್ನ ತಗ್ಗಿದ ದನಿಯಲ್ಲಿ ಕೇಳುವರು, "ಬಂದಿದ್ನೇನ?" ಮೊದಮೊದಲು ಕೆಲವು ದಿನ ಹೌದೆನ್ನುತ್ತಿದ್ದೆ. ಮಳೆಗಾಲದ ಹೊತ್ತಿಗೆ ಇಲ್ಲವೆನ್ನುವುದೇ ಹೆಚ್ಚಾಯಿತು.

ಗಾಯ ಮತ್ತೆ ಆಗಿಲ್ಲ. ಈಗ ಬೇರೆಯದೇ ಒಂದು ಆಗುತ್ತಿದೆ. ಇಲ್ಲದ ಆ ಪಾದ ದಿನದಿನಕ್ಕೆ ಮೇಲೆ ಸರಿಯುತ್ತಿದೆ. ಬೆರಳುಗಳು ಮೊಣಕಾಲಿನ ಕೆಳಗೇ ಬಂದು ಕೂತಿವೆ. ನಡುವಿನ ಕಣಕಾಲು ಎಲ್ಲೂ ತಿಳಿಯುತ್ತಿಲ್ಲ, ಹಿಡಿಯಲು ಅಲ್ಲಿ ಏನೂ ಉಳಿದಿಲ್ಲ. ಇದನ್ನು ಅತ್ತೆಗೆ ಹೇಳಿಲ್ಲ. ಚೀಲ ಬದಲಿಸಿದ ಮೇಲೆ ಅವರು ಈಗಲೂ ಒಂದು ಗಳಿಗೆ ನಿಲ್ಲುತ್ತಾರೆ, ಪ್ಲಾಸ್ಟಿಕ್ ಕಾಲಿನ ಕಣಕಾಲನ್ನು ಎರಡೂ ಕೈಯಿಂದ ಹಿಡಿಯುತ್ತಾರೆ. ಅವರು ಬಿಡುವವರೆಗೆ ನಾನು ಅಲುಗಾಡುವುದಿಲ್ಲ.