ಜಟ್ಟೆಪ್ಪನ ಗಾಡಿಗೆ ಕಟ್ಟಿದ ಹಸಿ ಬಟ್ಟೆ

ಸಿಮೆಂಟ್ ಕಾರ್ಖಾನೆಯ ನಮ್ಮ ವಾಡಿಯಲ್ಲಿ ಜಟ್ಟೆಪ್ಪನಷ್ಟು ಗಾಡಿಯನ್ನು ಮುದ್ದು ಮಾಡಿದ ಡ್ರೈವರ್ ಇನ್ನೊಬ್ಬನಿಲ್ಲ. ಆ ಮುದ್ದೇ ಅವನ ಅನ್ನಕ್ಕೆ ಕಲ್ಲು ಹಾಕಿತು.

ಅವರಿವರ ಲಾರಿ ಓಡಿಸಿ ಸಾಕಾಗಿ, ಎಪ್ಪತ್ತರ ದಶಕದಲ್ಲಿ ಹಳೆಯ ಸಣ್ಣ ಡೀಸೆಲ್ ಲಾರಿಯೊಂದನ್ನು ಕೊಂಡ. ಸಿಮೆಂಟ್ ಚೀಲ ಹೇರಿ ಚಿತ್ತಾಪುರ, ದಂಡೋತಿ ಕಡೆ ಹೋಗುವುದು. ನನ್ನ ಪಂಕ್ಚರ್ ಅಂಗಡಿಯ ಮುಂದೆ ಸುಮ್ಮಸುಮ್ಮನೆ ನಿಲ್ಲಿಸುವನು. "ಯಾರ ಗಾಡಿ ಪಾ ಇದು?" ಎಂದು ಯಾರಾದರೂ ಕೇಳಬೇಕು, "ನಂದ ರೀ, ಖಾಸ್ ನಂದ!" ಎಂದು ಇವನು ಹಲ್ಲು ಕಿಸಿಯಬೇಕು.

ಸಿಮೆಂಟ್ ಹೊರುವ ಹಮಾಲರು ಮೂಗಿಗೆ ಹಸಿ ಬಟ್ಟೆ ಕಟ್ಟಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ಈ ಪುಣ್ಯಾತ್ಮ ಗಾಡಿಗೂ ಕಟ್ಟಿದ! ಎಂಜಿನ್ ಗಾಳಿ ಎಳೆದುಕೊಳ್ಳುವ ಪೈಪಿನ ಬಾಯಿಗೆ, ಹೆಂಡತಿ ಭಾಗಮ್ಮನ ಹಳೆ ಸೀರೆಯ ತುಂಡನ್ನು ನೀರಲ್ಲಿ ಅದ್ದಿ ಕಟ್ಟುವುದು. ಅವಳು ನಕ್ಕರೆ, "ಅದಕ್ಕೂ ಉಸಿರು ಅದ ಇಲ್ಲೇನು?" ಎನ್ನುತ್ತಿದ್ದನಂತೆ. ಬಾನೆಟ್ಟಿನ ಒಳಗಿನ ಈ ಸಂಗತಿ ನಮಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ಬರಬರುತ್ತ ಗಾಡಿ ಎಳೆತ ಬಿಟ್ಟಿತು. ಖಾಲಿ ಇದ್ದರೆ ಓಡುವುದು. ಲೋಡ್ ಬಿದ್ದರೆ ದಂಡೋತಿಯ ಏರಿನಲ್ಲಿ ಕರಿ ಹೊಗೆ ಉಗುಳಿ ನಿಲ್ಲುವುದು. ಶಹಾಬಾದಿನ ಮೆಕ್ಯಾನಿಕ್ ಬಂದೇನವಾಜ್ ಉಸ್ತಾದನ ಬಳಿಗೆ ಒಯ್ದ. ಹೋಗುವ ಮುಂಚೆ ಪೈಪಿನ ಬಟ್ಟೆ ಬಿಚ್ಚಿಟ್ಟು ಗಾಡಿ ತೊಳೆದ. ಉಸ್ತಾದನ ಮುಂದೆ ಹೊಲಸು ಗಾಡಿ ನಿಲ್ಲಿಸಲು ಇವನಿಗೆ ನಾಚಿಕೆ.

ಉಸ್ತಾದ್ ಡೀಸೆಲ್ ಫಿಲ್ಟರ್ ಬದಲಿಸಿದ, ಡೀಸೆಲ್ ಚಿಮ್ಮಿಸುವ ನಾಜಲ್ ಬಿಚ್ಚಿ ನೋಡಿದ. ಹೊಗೆ ಹೋಗಲಿಲ್ಲ.

"ಏನರ ಕೈ ಹಚ್ಚೀಯೇನು ಭಾಯಿ?"

"ಇಲ್ಲ ಉಸ್ತಾದ್, ಏನೂ ಹಚ್ಚಿಲ್ಲ."

ಬಟ್ಟೆ ಕಟ್ಟುವುದು ಅವನ ಪಾಲಿಗೆ ಸೇವೆ, ಕೈ ಹಚ್ಚುವುದಲ್ಲ.

"ಹಂಗಾದ್ರ ಡೀಸೆಲ್ ಪಂಪ್ ಹೋಗ್ಯಾದ."

ಹೊಸ ಪಂಪು ಕೊಳ್ಳುವ ತಾಕತ್ತು ಎಲ್ಲಿತ್ತು? ಚಿತ್ತಾಪುರದ ಸಾಹುಕಾರ ಗುರುಲಿಂಗಯ್ಯನವರಿಗೆ ಗಾಡಿ ಮಾರಿಬಿಟ್ಟ. ಚಾವಿ ಕೊಡುವ ಮುಂಚೆ ಸ್ಟೇರಿಂಗ್ ಒರೆಸಿದ್ದೇ ಒರೆಸಿದ್ದು.

ಗುರುಲಿಂಗಯ್ಯನವರು ಅದೇ ಉಸ್ತಾದನ ಕೈಲಿ ಹೊಸ ಪಂಪು ಹಾಕಿಸಿದರು. ಮತ್ತೆ ಅದೇ ಹೊಗೆ! ಉಸ್ತಾದ್ ರೇಗಿ, ಗಾಳಿ ಪೈಪನ್ನೇ ಕಳಚಿ ನೆಲಕ್ಕೆ ಬಡಿದ. ಅದರ ಬಾಗಿನಿಂದ ಸಿಮೆಂಟಿನ ಹೆಂಟೆ ಉದುರಿತು. ಬಟ್ಟೆಯಿಂದ ತೊಟ್ಟಿಕ್ಕಿದ ನೀರು ಒಳಗೆ ನುಸುಳಿದ ಪುಡಿಯೊಂದಿಗೆ ಸೇರಿ, ಕಲ್ಲಾಗಿ ಎಂಜಿನ್ನಿನ ಉಸಿರು ಕಟ್ಟಿಸಿತ್ತು. ಹಳೆ ಪಂಪಿಗೆ ಏನೂ ಆಗಿರಲಿಲ್ಲ.

ಸುದ್ದಿ ಕೇಳಿ ಓಡಿಹೋದ ಜಟ್ಟೆಪ್ಪ ಹೆಂಟೆಯನ್ನು ಕೈಗೆತ್ತಿಕೊಂಡ. "ಹಸಿ ಬಟ್ಟಿ ನಾನೇ ಕಟ್ಟತಿದ್ದೆ ಉಸ್ತಾದ್."

"ಯಾ ಅಲ್ಲಾ! ಅವತ್ತೇ ಹೇಳಬಾರ್ದಿತ್ತೇನೋ? ನಾನರ ಪೈಪ್ ಬಿಚ್ಚಿ ನೋಡಬೇಕಿತ್ತು," ಎಂದು ಉಸ್ತಾದ್ ಹಣೆ ಚಚ್ಚಿಕೊಂಡ.

ಗುರುಲಿಂಗಯ್ಯನವರು ಕೆಟ್ಟವರಲ್ಲ. "ಗಾಡಿ ವಾಪಸ್ ಕೊಡಾಕ ಆಗಂಗಿಲ್ಲ ಜಟ್ಟೆಪ್ಪ. ನೀನೇ ನಡಸು, ಪಗಾರ ಕೊಡ್ತೀನಿ," ಎಂದರು.

ಮೊದಲ ಲೋಡಿಗೆ ನಾನೂ ಹತ್ತಿದ್ದೆ. ದಂಡೋತಿಯ ಏರನ್ನು ಒಂದೇ ದಮ್ಮಿಗೆ ಹತ್ತಿತು ನೋಡಿ! ಮೇಲೆ ಚಹಾದ ಅಂಗಡಿಯವನು ಹೊರಗೆ ಬಂದು ಕೇಳಿದ: "ಭಾಳ ಚಲೋ ಎಳೀಲಿಕತ್ತದಲ್ಲೋ! ಯಾರ ಗಾಡಿ?"

"ನಂ..." ಎಂದ ಜಟ್ಟೆಪ್ಪ ಸ್ಟೇರಿಂಗ್ ಒರೆಸಿದ.

"ಗುರುಲಿಂಗಯ್ಯನೋರದು ರೀ," ಎಂದ, ಗೇರ್ ಹಾಕಿದ.