ಬೂಷ್ಟಿಗೆ ಬಿಸಿಲು ಕಾಣಿಸಿದವ

ಹೋದ ತಿಂಗಳು ನಾನೊಂದು ಕೊಲೆ ಮಾಡಿದೆ. ಹಾಡುಹಗಲೇ, ಸಲಿಕೆ ಹಿಡಿದು, ಬೆವರು ಸುರಿಸಿ.

ಕಮರಿಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಮೌಲಾಸಾಬ್ ಕಾಕಾನ ಎರಡು ಎಕರೆ ಹೊಲ ಉಣಕಲ್ಲಿನ ನಮ್ಮ ಮನೆಯ ಹಿಂದೆಯೇ ಇದೆ. ಹೋದ ವರ್ಷ ಅಲ್ಲಿನ ಕಡಲೆ ಅರ್ಧಕ್ಕರ್ಧ ಸೊರಗು ರೋಗಕ್ಕೆ ಹೋಯಿತು. ಮಣ್ಣಿನಲ್ಲಿ ಅಡಗಿರುವ ಶಿಲೀಂಧ್ರವೊಂದು ಬೇರಿಗೆ ಹತ್ತಿ ಗಿಡವನ್ನೇ ಬಾಡಿಸುತ್ತದೆ. ಈ ಸಲ ಕಾಕಾ ಆ ಕೆಟ್ಟದ್ದನ್ನು ತಿನ್ನುವ ಒಳ್ಳೆಯ ಶಿಲೀಂಧ್ರದ ಪುಡಿ ತಂದರು. ಟ್ರೈಕೋಡರ್ಮಾ ಅಂತ ಹೆಸರು. ಅದನ್ನು ತಿಪ್ಪೆಗೊಬ್ಬರಕ್ಕೆ ಬೆರೆಸಿ, ನಮ್ಮ ಹಿತ್ತಲಿನ ಬೇವಿನ ನೆರಳಿನಲ್ಲಿ ಗುಂಪಿ ಹಾಕಿ, ಗೋಣಿ ಹೊದಿಸಿದರು.

"ಮಾಸ್ತರ, ಬೀಗರ ಮನಿಗೆ ಹೊಂಟೇನಿ. ದಿನಾ ಒಂದೀಟು ನೀರು ಚಿಮುಕಿಸ್ರಿ, ಸಾಕು. ಬಂದ ಮರುದಿನಾನ ಬಿತ್ತೂದು."

ಇಷ್ಟೇ ಕೆಲಸ. ನಾಲ್ಕು ದಿನ ಮಾಡಿದೆ. ಐದನೆಯ ದಿನ ಗೋಣಿ ಎತ್ತಿ ನೋಡಿದೆ. (ರಿಟೈರ್ಡ್ ಮಾಸ್ತರನಿಗೆ ಬೇರೇನು ಕೆಲಸ?) ಗೊಬ್ಬರದ ತುಂಬ ಬಿಳಿ, ಹಸಿರು ಬೂಷ್ಟು!

ಒಳ್ಳೆಯ ಶಿಲೀಂಧ್ರ ಎಂದರೆ ಪ್ಯಾಕೆಟ್ಟಿನ ಪುಡಿ ಎಂದುಕೊಂಡಿದ್ದೆ. ಬೆಳೆದರೆ ಅದು ಬೂಷ್ಟಾಗಿಯೇ ಕಾಣುತ್ತದೆ ಅಂತ ಯಾರಿಗೆ ಗೊತ್ತು? ನಮ್ಮಜ್ಜಿ ಕಲಿಸಿದ್ದು ಒಂದೇ: ಬೂಷ್ಟು ಬಂದದ್ದನ್ನು ಬಿಸಿಲಿಗೆ ಹಾಕು. ಹಪ್ಪಳ, ಬೇಳೆ, ಕೌದಿ, ನಮ್ಮ ಮನೆಯಲ್ಲಿ ಬಿಸಿಲು ಕಾಣದ ವಸ್ತುವಿಲ್ಲ. ಸಲಿಕೆ ತಂದೆ. ಅಂಗಳದ ತುಂಬ ಗೊಬ್ಬರವನ್ನು ತೆಳ್ಳಗೆ ಹರವಿದೆ. ಎರಡೇ ದಿನ. ಬೂಷ್ಟು ಮಾಯ!

ಊರಿಂದ ಬಂದ ಕಾಕಾ ಒಂದು ಮುಷ್ಟಿ ಎತ್ತಿದರು. ಬೂದಿಯಂತೆ ಉದುರಿತು.

"ಏನ್ ಮಾಡೀರಿ ಇದು?"

"ಬೂಷ್ಟು ಬಂದಿತ್ರಿ ಕಾಕಾ. ಒಣಗಿಸೇನಿ."

"ಅದು ಬರ್ಲಿ ಅಂತನ ಮುಚ್ಚಿಟ್ಟಿದ್ನಲ್ರಿ!"

ಕಟ್ಟೆಯ ಮೇಲೆ ಕುಳಿತುಬಿಟ್ಟರು. ಕೈಗಂಟಿದ ಧೂಳು ಝಾಡಿಸುತ್ತ ಅಂದರು: "ಸಾಲ್ಯಾಗ ಹುಡುಗ್ರಿಗೆ ಸುಮ್ಮ ಕುಂದರ್ರಿ ಅಂತ ಬಡೀತಿದ್ರಿ. ನಿಮಗ ಯಾರೂ ಹೇಳಲಿಲ್ಲೇನು?"

"ಮತ್ತೊಮ್ಮೆ ಬೆಳಸೂಣ್ರಿ."

"ಎಂಟು ದಿನ ಬೇಕು. ಹೊಲದಾಗಿನ ಹಸಿ ಅಲ್ಲೀತನಾ ನಿಂದರತೈತೇನು?"

ನಿಲ್ಲುವುದಿಲ್ಲ. ಮಣ್ಣಿನ ತೇವ ಆರುವ ಮೊದಲೇ ಬಿತ್ತಬೇಕು. ಪ್ಯಾಕೆಟ್ಟಿನಲ್ಲಿ ಉಳಿದಿದ್ದ ಪುಡಿಯನ್ನು ಬೀಜಕ್ಕಷ್ಟೇ ಸವರಿ ಬಿತ್ತಿದರು. ಮಣ್ಣಿಗೆ ಹೋದದ್ದು ನನ್ನ ಒಣ ಗೊಬ್ಬರ.

ಅಂದಿನಿಂದ ಒಂದೇ ಕೊರಗು. ಕೆಟ್ಟದ್ದು ಯಾರ ಹಂಗೂ ಇಲ್ಲದೆ ವರ್ಷಗಟ್ಟಲೆ ಮಣ್ಣಿನಲ್ಲಿ ಕಾದು ಕೂತಿರುತ್ತದೆ. ಒಳ್ಳೆಯದಕ್ಕೆ ನೆರಳು ಬೇಕು, ತಂಪು ಬೇಕು, ದಿನಾ ನೀರು ಹಾಕುವವರು ಬೇಕು. ಮೇಲಾಗಿ, ನನ್ನಂಥ ಕಾಳಜಿಯವರಿಂದ ಅದನ್ನು ಕಾಯಬೇಕು! ಇದೆಂಥ ನ್ಯಾಯ?

ನಿನ್ನೆ ಕಾಕಾನ ಜೊತೆ ಹೊಲಕ್ಕೆ ಹೋಗಿದ್ದೆ. ಬದುವಿನ ಕಡೆ ನಾಲ್ಕು ಗಿಡ ಬಾಡಿ ನಿಂತಿದ್ದವು. ಕಾಕಾ ಕಿತ್ತು, ಬೇರು ಸೀಳಿ ನೋಡಿದರು. ಒಳಗೆ ಕಂದು ಗೆರೆ, ಸೊರಗು ರೋಗದ್ದೇ ಗುರುತು.

ನಾನು ಬಾಯಿ ತೆರೆಯುವ ಮೊದಲೇ ಅಂದರು: "ನಾಕ ಅದಾವ. ಮನಸಿಗೆ ಹಚ್ಕೋಬ್ಯಾಡ್ರಿ ಮಾಸ್ತರ."

ಐದನೆಯದು ನನ್ನ ಕಾಲ ಬಳಿಯೇ ಬಾಡಿತ್ತು. ಕಾಕಾನಿಗೆ ಹೇಳಬೇಕಿತ್ತೇ?